ಅಲರ್ಜಿ ಖಾನೆಯ ಚುಕ್ಕೆ

ಕೋಸ್ಟರಿಕಾದ ಕಾಫಿ ಗುಡ್ಡದ ಮೇಲಿನ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಡೋನ್ಯ ಒಡಿಲಿಯ (ಡೋನ್ಯ ಅಂದರೆ ಅಲ್ಲಿಯವರ ‘ಅಮ್ಮಾವ್ರು’) ಮೂವತ್ತೊಂದು ವರ್ಷದಿಂದ ರೋಗಿಗಳ ದಾಖಲೆ ಬರೆಯುತ್ತಿದ್ದಳು. ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಗೆದ್ದಲು ತಿನ್ನದ ಕಡತ ಕಡೆಗೂ ಸಿಕ್ಕಿತಲ್ಲ!

ಆದರೆ ಕಂಪ್ಯೂಟರಿಗೊಂದು ಹಟ. ಅಲರ್ಜಿ ಖಾನೆ ತುಂಬದೆ ಮುಂದಿನ ಪುಟ ತೆರೆಯದು. ನಮ್ಮ ಬುದ್ಧಿವಂತರು ಮೂರೇ ದಿನದಲ್ಲಿ ದಾರಿ ಹುಡುಕಿದರು. ಖಾನೆಯಲ್ಲಿ ಒಂದು ಚುಕ್ಕೆ ಒತ್ತಿದರೆ ಸಾಕು, ಪುಟ ತೆರೆದುಕೊಳ್ಳುತ್ತದೆ! ಒಂದು ಖಾನೆಯೂ ಖಾಲಿ ಇಲ್ಲದ್ದು ಕಂಡು ಮುಖ್ಯ ವೈದ್ಯ ಅರ್ಗೆದಾಸ್ ಸಾಹೇಬರು ‘ರೋಗಿ ಸುರಕ್ಷತೆ: ನೂರಕ್ಕೆ ನೂರು’ ಎಂದು ಗೋಡೆಗೆ ಹಾಳೆ ಅಂಟಿಸಿ, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

ಒಡಿಲಿಯಳ ಕಿಟಕಿಯ ಮುಂದೆ ಮಾತ್ರ ಸಾಲು ಕರಗುತ್ತಿರಲಿಲ್ಲ.

“ಒಬ್ಬೊಬ್ಬರ ಹತ್ರ ಏಳು ನಿಮಿಷ ಹರಟ್ತೀರಂತೆ?” ಎಂದು ಸಾಹೇಬರು ಗದರಿದರು. “ಹಿಂಗೇ ಮಾಡಿದ್ರೆ ನಾಳೆಯಿಂದ ಗೋದಾಮಿಗೆ ಹೋಗಿ ಹತ್ತಿ ಎಣಿಸ್ತಾ ಕೂತ್ಕೊಳಿ.”

“ಅಲರ್ಜಿ ಇದ್ಯಾ ಅಂದ್ರೆ ನಮ್ ಜನ ‘ಇಲ್ಲಮ್ಮ, ದೇವರ ದಯೆ’ ಅಂತಾರೆ ಡಾಕ್ಟ್ರೇ. ಸಾಲಲ್ಲಿ ನಿಂತು ಕಷ್ಟ ಹೇಳ್ಕೊಳ್ಳೋಕೆ ಅವ್ರಿಗೆ ನಾಚಿಕೆ. ಇದ್ದೇ ಇದೆ ಅನ್ನೋ ಹಂಗೆ ಕೆದಕಿ ಕೇಳ್ಬೇಕು.”

ಸಾಹೇಬರು ಕೇಳಿಸದವರಂತೆ ಒಳಗೆ ಹೋದರು. ಸಾಲಿನಲ್ಲಿ ಮುಂದಿದ್ದವನು ಕಾಫಿ ಕೀಳುವ ಮುದುಕ ಎಲಾದಿಯೊ. ಕಾಲಿನ ಗಾಯ ಕೀವು ಕಟ್ಟಿತ್ತು. ಒಂದು ಚುಕ್ಕೆ ಒತ್ತಿಬಿಟ್ಟರೆ ಒಡಿಲಿಯಳ ಕುರ್ಚಿ ಉಳಿಯುತ್ತದೆ. ಆದರೂ ಅವಳು ಮುಂದಕ್ಕೆ ಬಾಗಿದಳು.

“ಬಂಗಾರ, ಯಾವ ಇಂಜೆಕ್ಷನ್ ಕೊಟ್ಟಾಗ ನಿನ್ನ ಮುಖ ಊದ್ಕೊಂಡಿತ್ತು?”

“ಓ, ಅದಾ! ಪೆನಿಸಿಲಿನ್. ಉಸಿರೇ ನಿಂತೋಗಿತ್ತು. ಈಗ ಚೆನ್ನಾಗಿದೀನಮ್ಮ, ದೇವರ ದಯೆ.”

ಅವಳು ಅದನ್ನು ಬರೆದಳು. ಹತ್ತು ನಿಮಿಷದ ನಂತರ ಒಳಗೆ ಸಾಹೇಬರು ಎಲಾದಿಯೊಗೆ ಅದೇ ಪೆನಿಸಿಲಿನ್ ಬರೆಯಲು ಹೋದರು. ಕಂಪ್ಯೂಟರಿನ ಪರದೆ ಕೆಂಪಾಯಿತು, ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. ಬೇರೆ ಮದ್ದು ಕೊಟ್ಟು, ಬೆವರು ಒರೆಸಿಕೊಳ್ಳುತ್ತ ಹೊರಬಂದವರು ಊರಿಗೆಲ್ಲ ಕೇಳುವಂತೆ ಕೂಗಿದರು.

“ನೋಡಿದ್ರಾ ನಮ್ಮ ಕಂಪ್ಯೂಟರ್ ಕರಾಮತ್ತು! ಒಂದು ಜೀವ ಉಳಿಸ್ತು!”

“ಅದಕ್ಕೆ ಹೇಳ್ಕೊಟ್ಟೋರು ಯಾರು? ಇರಿ, ನಿಮ್ಮ ದಾಖಲೆನೂ ನೋಡೇ ಬಿಡೋಣ.”

ಒಡಿಲಿಯ ತೆರೆದಳು. ಪಕ್ಕದ ಕಿಟಕಿಯವರು ತುಂಬಿದ್ದ ಖಾನೆಯಲ್ಲಿ ಮುದ್ದಾದ ಒಂದು ಚುಕ್ಕೆ.

ಸಾಹೇಬರ ಮುಖ ಸಪ್ಪಗಾಯಿತು. “ನಂಗೆ ಸಲ್ಫಾ ಮಾತ್ರೆ ಆಗಲ್ಲ. ಒಂದ್ಸಲ ಆಸ್ಪತ್ರೇಲಿ ಎಂಟು ದಿನ ಮಲಗಿದ್ದೆ.”

“ಮತ್ತೆ ಹೇಳೋದಲ್ವಾ?”

ಸಾಹೇಬರು ಸಾಲಿನಲ್ಲಿದ್ದವರತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಯಾರೂ ಕೇಳ್ಲೇ ಇಲ್ವಲ್ಲ, ಡೋನ್ಯ ಒಡಿಲಿಯ.”