ಬೂಟಿಗೆ ಬಣ್ಣ ಹಚ್ಚುವ ಅಕ್ಕ

ಬಾಗಲಕೋಟೆಯ ಒಂದು ಚಿಕ್ಕ ಅಂಗಡಿಯಲ್ಲಿ ಬೂಟು ಹೊಲಿಯುತ್ತಿದ್ದವರು ಗಂಡ, ಬಣ್ಣ ಹಚ್ಚುತ್ತಿದ್ದವರು ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹೆಂಡತಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ತೊಗಲಿನ ಮೇಲೆ ಸಣ್ಣ ಸಣ್ಣ ಸುತ್ತು ಹಾಕುತ್ತ, ಕಂದು ಬಣ್ಣವನ್ನು ಪದರ ಪದರವಾಗಿ ಏರಿಸುತ್ತಿದ್ದರು. ಯಾರಾದರೂ ಅವಸರ ಮಾಡಿದರೆ, "ತೊಗಲು ಬಣ್ಣ ಕುಡೀಲಿ, ತಡೀರಿ" ಎನ್ನುತ್ತಿದ್ದರು.

ಇಳಕಲ್ಲಿನ ಕಾಲೇಜಿನಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಾಗ ನಾನು ಅವರಲ್ಲೇ ಒಂದು ಜೋಡಿ ಮಾಡಿಸಿದೆ. ತರಲು ಹೋದರೆ ಎಡಗಾಲಿನ ಬೂಟು ಬಲಗಾಲಿನದಕ್ಕಿಂತ ತುಸು ಗಾಢವಾಗಿತ್ತು. ನನಗೆ ಸಿಟ್ಟು ಬಂತು.

"ಅಕ್ಕಾರ, ಎರಡಕ್ಕೂ ದಪ್ಪಗ ಕರೀ ಬಣ್ಣ ಬಳದು ಕೊಡ್ರಿ. ಮಂದಿ ನಗ್ತಾರ" ಎಂದೆ.

ಅವರು ಬಟ್ಟೆ ಕೆಳಗಿಟ್ಟರು. "ಸರ, ಕೈಗಡಿಯಾರ ಬಿಚ್ರಿ."

ಬಿಚ್ಚಿದೆ. ಪಟ್ಟಿಯಡಿಯ ಚರ್ಮ ಬೆಳ್ಳಗಿತ್ತು, ಸುತ್ತಲಿನದು ಬಿಸಿಲಿಗೆ ಕಪ್ಪಾಗಿತ್ತು.

"ಒಂದ ಕೈಯಾಗ ಎರಡು ಬಣ್ಣ. ಇದಕ್ಕೂ ಬಳೀಲೇನ್ರಿ? ಬೂಟೂ ಹಂಗ. ತೊಗಲು ಒಂದ, ಆದ್ರ ಒಂದು ಬೆನ್ನಿಂದು, ಒಂದು ಹೊಟ್ಟಿದು. ಬಣ್ಣ ಬ್ಯಾರೆ ಬ್ಯಾರೆ ಕುಡೀತಾವ. ಒಲ್ಲೆಂದ್ರ ಇಲ್ಲೇ ಬಿಟ್ಟು ಹೋಗ್ರಿ, ನಾ ಮಾತ್ರ ಬಳಿಯಂಗಿಲ್ಲ."

ಗಂಡ ತಲೆಯೆತ್ತದೆ ಹೊಲಿಯುತ್ತಲೇ ಇದ್ದರು. ನಾನು ಗಡಿಯಾರ ಕಟ್ಟಿಕೊಂಡು, ಕೂತು, ಬೂಟು ಹಾಕಿಕೊಂಡೆ.

ಕಾಲೇಜಿನ ಮೊದಲ ದಿನವೇ ಹಿರಿಯ ಸಹೋದ್ಯೋಗಿಯೊಬ್ಬರು ಬಗ್ಗಿ ನೋಡಿ, "ಎರಡರ ಬಣ್ಣ ಬ್ಯಾರೆ ಅದಾವಲ್ರಿ?" ಎಂದರು.

ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಪ್ಯಾಂಟನ್ನು ತುಸು ಎತ್ತಿ, ಎರಡೂ ಪಾದಗಳನ್ನು ಕಿಟಕಿಯ ಬೆಳಕಿಗೆ ಚಾಚಿ, "ಹೌದ್ರಿ, ನಮ್ಮ ಬಾಗಲಕೋಟ್ಯಾಗ ಕೈಲೇ ಮಾಡಿದ್ದು" ಎಂದೆ.