ತುಂಬಿದ ದೋಣಿಯಲ್ಲಿ ಪರೀಕ್ಷಿಸಿದವರು

ದೋಣಿಯ ಹಿಂಬದಿಗೆ ಕೂಡಿಸುವ ಔಟ್‌ಬೋರ್ಡ್ ಮೋಟಾರುಗಳ ದುರಸ್ತಿಯನ್ನು ಹೊಟ್ಟೆಪಾಡಿಗೆಂದು ಕೈಗೆತ್ತಿಕೊಂಡವರು ಹಲವರಿದ್ದಾರೆ. ಅದನ್ನೊಂದು ವಿದ್ಯೆಯೆಂದು ಗೌರವಿಸಿ, ಮೂವತ್ತಾರು ವರ್ಷ ಒಂದೇ ಕಾರ್ಯಾಗಾರದಲ್ಲಿ, ಒಂದೇ ಕಿಟಕಿಯ ಪಕ್ಕದ ಒಂದೇ ಮೇಜಿನ ಮುಂದೆ ನಿಂತು ಸಾಧಿಸಿದವರು ವಿರಳ. ಆ ವಿರಳರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವವರು ಕಳೆದ ತಿಂಗಳು ನಿವೃತ್ತರಾದ ನಮ್ಮ ಹಿರಿಯ ಮೇಸ್ತ್ರಿಗಳು. ದೋಣಿಗಾರರ ಬಾಯಲ್ಲಿ ಅವರು ‘ತೂಕದ ಮೇಸ್ತ್ರಿ’. ಈ ಹೆಸರಿಗೂ ಅವರ ಮೈಗೂ ಸಂಬಂಧವಿಲ್ಲ, ಆಳು ಒಣಕಲು. ಯಾವ ದೋಣಿಗೆ ಹೊಸ ಪ್ರೊಪೆಲ್ಲರ್ ಕೂಡಿಸಿದರೂ, ಅದು ದಿನವೂ ಹೊರುವಷ್ಟು ಭಾರವನ್ನು ಹೇರಿ ನೀರಿನಲ್ಲಿ ಓಡಿಸಿ ನೋಡದೆ ಒಡೆಯನ ಕೈಗೆ ಕೊಡುವುದಿಲ್ಲವೆಂಬ ಅವರ ಹಟದಿಂದ ಹುಟ್ಟಿದ ಹೆಸರದು.

ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಎಲ್ಲವೂ ಅಲ್ಯೂಮಿನಿಯಂ ಪ್ರೊಪೆಲ್ಲರುಗಳೇ. ಕಲ್ಲಿಗೆ ತಾಗಿ ಬಾಗಿದ ಅವುಗಳ ರೆಕ್ಕೆಯಂಥ ಎಲೆಗಳನ್ನು ಸುತ್ತಿಗೆಯಿಂದ ತಟ್ಟಿ ನೇರಮಾಡುವ ಸದ್ದಿಗೆ ಇಡೀ ಬೀದಿ ಒಗ್ಗಿಹೋಗಿತ್ತು. ಐದನೆಯ ವರ್ಷ ಮೊತ್ತಮೊದಲ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ ಬಂದಾಗ, ಅದನ್ನು ಮುಟ್ಟುವುದಕ್ಕೆ ಎಲ್ಲರೂ ಸೋಪು ಹಾಕಿ ಕೈ ತೊಳೆದುಕೊಂಡು ಬಂದರಂತೆ. ಆಗಿನ ಮಾಲೀಕರು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದರೆಂದೂ ಹೇಳುತ್ತಾರೆ. ಇದು ಎಷ್ಟು ನಿಜವೋ ತಿಳಿಯದು, ಏಕೆಂದರೆ ಬಾಚುವಷ್ಟು ಕೂದಲು ಅವರಿಗಿದ್ದುದನ್ನು ಕಂಡವರು ಯಾರೂ ಉಳಿದಿಲ್ಲ.

ಅದನ್ನು ಕೂಡಿಸುವ ಭಾಗ್ಯ ನಮ್ಮ ಮೇಸ್ತ್ರಿಗಳದ್ದಾಯಿತು. ಹಳೆಯದನ್ನು ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿ, ಶಾಫ್ಟಿಗೆ ಗ್ರೀಸು ಸವರಿ, ಹೊಸದನ್ನು ಏರಿಸಿ, ನಟ್ಟು ಬಿಗಿದು, ಪಿನ್ನು ಮಡಚಿ, ದೋಣಿಯನ್ನು ಜೆಟ್ಟಿಯಿಂದ ಬಿಟ್ಟರು. ನೂರು ಮಾರು ಹೋಗುವಷ್ಟರಲ್ಲಿ ಹಲ್ಲು ಜುಮ್ಮೆನ್ನಿಸುವ ಸದ್ದು. ಪ್ರೊಪೆಲ್ಲರಿಗೂ ಗೇರಿನ ಕವಚಕ್ಕೂ ನಡುವೆ ಅಡ್ಡಗೋಡೆಯಾಗಿ ನಿಲ್ಲಬೇಕಾದ ದಪ್ಪ ವಾಷರು ಶಾಫ್ಟಿನ ಮೇಲೆ ಇರಲೇ ಇಲ್ಲ. ಒಣಗಿದ ಗ್ರೀಸಿನಲ್ಲಿ ಹಳೆಯ ಪ್ರೊಪೆಲ್ಲರಿನ ಬೆನ್ನಿಗೆ ಅಂಟಿಕೊಂಡು ಅದೂ ಗೋಡೆಯ ಮೇಲೆ ನೇತಾಡುತ್ತಿತ್ತು. ಹೊಸ ಉಕ್ಕು ಒಳಕ್ಕೆ ಸರಿದು ಗೇರಿನ ಕವಚವನ್ನೇ ಕೊರೆದಿತ್ತು. ಈ ಕೆಲಸದವರು ಮಾತ್ರ ಮಾಡಬಲ್ಲ ತಪ್ಪು ಇದು, ಬಹುಪಾಲು ಮಂದಿ ಮುಚ್ಚಿಡುವ ತಪ್ಪೂ ಹೌದು. ಮೇಸ್ತ್ರಿಗಳೋ, ಹೊಸದಾಗಿ ಸೇರಿದವರಿಗೆ ಕುಡಿಯುವ ನೀರು ಎಲ್ಲಿದೆಯೆಂದು ತೋರಿಸುವುದಕ್ಕೂ ಮೊದಲು ಈ ಕತೆ ಹೇಳುತ್ತಿದ್ದರು. “ಹೊಸದನ್ನ ಆಮೇಲೆ ಮುದ್ದಾಡಿ. ಮೊದ್ಲು ಹಳೇದರ ಬೆನ್ನು ನೋಡಿ.”

ಅವರ ಉಪಕಾರಗಳು ಮಾತಿಲ್ಲದೆ ನಡೆಯುತ್ತಿದ್ದವು. ಹಿರಿಯ ಫಿಟ್ಟರೊಬ್ಬರ ದೃಷ್ಟಿ ಮಂದವಾದಾಗ, ಬಿಗಿ ಅಳೆಯುವ ಸ್ಪ್ಯಾನರಿನ ಮೇಲೆ ಒಂದು ಬೆಳಿಗ್ಗೆ ದಪ್ಪ ಬಿಳಿ ಗೆರೆಗಳು ಕಾಣಿಸಿಕೊಂಡವು. ಬಳಿದವರಾರೆಂದು ಯಾರೂ ಕೇಳಲಿಲ್ಲ. ಆರು ವರ್ಷದ ಹಿಂದೆ ಮೊದಲ ಬಾರಿಗೆ ಹೆಣ್ಣುಮಗಳೊಬ್ಬಳು ಫಿಟ್ಟರಾಗಿ ಬಂದಾಗ, ತಮ್ಮ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದು, “ತಂಗಿ, ಬಟ್ಟೆ ಬದಲಾಯಿಸೋಕೆ ಇದು” ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಹೋದರು. ಅಂದಿನಿಂದ ಅವಳು ಇಡೀ ಕಾರ್ಯಾಗಾರಕ್ಕೇ ತಂಗಿಯಾದಳು.

ಇನ್ನು ಅವರ ಕೊನೆಯ ದಿನದ ಮಾತು. ದ್ವೀಪಗಳಿಗೆ ಓಡಾಡುವ ನರ್ಸಮ್ಮನವರ ದೋಣಿ ಆ ವಾರ ನಮ್ಮಲ್ಲಿತ್ತು. ಹಿಂದಿನ ತಿಂಗಳು, ಹೆರಿಗೆ ನೋವಿನ ತಾಯಿಯೊಬ್ಬಳನ್ನು ಕರೆತರುವಾಗ, ಸವೆದ ಪ್ರೊಪೆಲ್ಲರಿನಿಂದಾಗಿ ದೋಣಿ ನೀರಿನ ಮೇಲಕ್ಕೇಳದೆ ಉಳುಮೆ ಮಾಡಿದಂತೆ ಸಾಗಿ, ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡಿದಿತ್ತು. ಮಗು ನಡುನೀರಿನಲ್ಲೇ ಹುಟ್ಟಿತು. ತಾಯಿ ಬದುಕಿದ್ದು ಪುಣ್ಯ. ಈಗ ಸ್ಟೇನ್‌ಲೆಸ್ ಸ್ಟೀಲ್ ಹಾಕುವುದೆಂದು ತೀರ್ಮಾನವಾಗಿತ್ತು. ಪ್ರಶ್ನೆ ಉಳಿದದ್ದು ಪಿಚ್ಚಿನದು, ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಎಷ್ಟು ಅಂಗುಲ ಮುಂದಕ್ಕೆ ನೂಕಬೇಕೆಂಬುದು. ಹೆಚ್ಚಾದರೆ ಓಟ ಹೆಚ್ಚು, ಆದರೆ ಭಾರ ಬಿದ್ದಾಗ ಮೋಟಾರು ಏದುಸಿರು ಬಿಡುತ್ತದೆ.

“ಹದಿನೈದು ಹಾಕೋಣ ಸರ್,” ಎಂದಳು ತಂಗಿ.

“ಹದಿನೇಳೇ ಇರ್ಲಿ,” ಎಂದರು ಮೇಸ್ತ್ರಿಗಳು. “ಈ ದೋಣಿಗೆ ಮೊದಲ ಮೋಟಾರ್ ಕೂಡಿಸಿದ್ದೇ ನಾನು.”

ಹದಿನೇಳೇ ಕೂತಿತು. ಭಾರಕ್ಕೆ ಬೇಕಾದ ಮರಳುಮೂಟೆಗಳು ಜೆಟ್ಟಿಯ ದುರಸ್ತಿಗೆ ಹೋಗಿದ್ದರಿಂದ ಬೆಳಿಗ್ಗೆ ಖಾಲಿ ದೋಣಿಯನ್ನೇ ಓಡಿಸಿದರು. ಪೂರ್ತಿ ವೇಗದಲ್ಲಿ ಮೋಟಾರು ನಿಮಿಷಕ್ಕೆ ಐದರಿಂದ ಆರು ಸಾವಿರದೊಳಗೆ ಸುತ್ತಬೇಕೆಂಬುದು ನಿಯಮ. ಮೀಟರಿನ ಮುಳ್ಳು ಐದೂವರೆ ಸಾವಿರ ತೋರಿಸಿತು. ಮೂಟೆಗಳು ಬರಲಿ ಎಂದು ಮೇಸ್ತ್ರಿಗಳು ಗೊಣಗಿದರು. ಕಾರ್ಯಾಗಾರದ ವ್ಯವಸ್ಥಾಪಕರು ಕೈಹಿಡಿದು ಎಳೆದರು: “ಇವತ್ತೊಂದಿನ ಬಿಟ್ಬಿಡಿ ಮಾರಾಯ್ರೆ, ಬೀಳ್ಕೊಡುಗೆ ಸಭೆಗೆ ಜನ ಕಾಯ್ತಿದಾರೆ!” ಸೇವೆಯಲ್ಲೇ ಮೊದಲ ಬಾರಿಗೆ ಅವರು ಬಿಟ್ಟುಕೊಟ್ಟರು.

ಬಣ್ಣದ ಡಬ್ಬಿಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದ ಶೆಡ್ಡಿನಲ್ಲಿ ಸಭೆ ಶುರುವಾಯಿತು. ವ್ಯವಸ್ಥಾಪಕರು ಮೂರು ಹಾಳೆಯ ಭಾಷಣ ಬರೆದು ತಂದಿದ್ದರು. ಎರಡನೆಯ ಹಾಳೆಯಲ್ಲಿ, “ಈ ಮೂವತ್ತಾರು ವರ್ಷಗಳಲ್ಲಿ ಇವರು ಆರಿಸಿಕೊಟ್ಟ ಒಂದೇ ಒಂದು ಪ್ರೊಪೆಲ್ಲರೂ ಹಿಂದಕ್ಕೆ ಬಂದಿಲ್ಲ,” ಎಂದು ಓದುತ್ತಿದ್ದಂತೆ ಚಪ್ಪಾಳೆ ಬಿತ್ತು. ಮೇಸ್ತ್ರಿಗಳು ಮಾತ್ರ ತಲೆ ಎತ್ತಲಿಲ್ಲ. ಸುಮ್ಮನೆ ಕೂತಿದ್ದರೆ ಆ ಮಾತು ಹಾಗೆಯೇ ಉಳಿಯುತ್ತಿತ್ತು. ಅವರು ಎದ್ದುನಿಂತರು.

“ನಿಲ್ಲಿಸಿ ಸಾರ್. ನರ್ಸಮ್ಮನ ದೋಣಿಗೆ ತೂಕ ಹಾಕಿ ನೋಡಿಲ್ಲ.”

“ಮೂಟೆ ಎಲ್ಲಿದೆ ಈಗ?” ಎಂದರು ವ್ಯವಸ್ಥಾಪಕರು.

ಮೇಸ್ತ್ರಿಗಳು ಸಭೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ, “ಇಲ್ಲೇ ಕೂತಿದೆಯಲ್ಲ,” ಎಂದರು.

ಹೀಗೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದ ಅತಿಥಿಗಳು ಜೆಟ್ಟಿಗೆ ಮೆರವಣಿಗೆ ಹೊರಟರು. ಸಭೆಗೆ ಬಂದಿದ್ದ ನರ್ಸಮ್ಮ ದೋಣಿ ಹೊರುವ ಭಾರದ ಲೆಕ್ಕ ಹೇಳುತ್ತ ಹೋದರು, ಮೇಸ್ತ್ರಿಗಳು ಒಬ್ಬೊಬ್ಬರನ್ನೇ ಅಳೆದು ಹತ್ತಿಸಿದರು. “ನನ್ನ ತೂಕ ಎಲ್ಲರೆದುರು ಕೂಗಿ ಹೇಳಿದ್ರೆ ಮನೇಲಿ ಊಟ ಇಲ್ಲ,” ಎಂದು ಮೇಸ್ತ್ರಿಗಳ ಮನೆಯವರು ಗದರಿಸಿದರು. ವ್ಯವಸ್ಥಾಪಕರು ಭಾಷಣದ ಹಾಳೆಗಳನ್ನು ಎದೆಗವಚಿಕೊಂಡು ಸ್ಟ್ರೆಚರಿನ ಮೇಲೆ ಕೂತರು.

ತಂಗಿ ವೇಗ ಕೊಟ್ಟಳು. ದೋಣಿಯ ಮೂತಿ ಆಕಾಶ ನೋಡಿತು, ಕೆಳಗಿಳಿಯಲೇ ಇಲ್ಲ. ಮುಳ್ಳು ನಾಲ್ಕು ಸಾವಿರದ ಏಳುನೂರರಲ್ಲಿ ಸಿಕ್ಕಿಬಿತ್ತು. ಜೆಟ್ಟಿಗೆ ಮರಳಿದ ಮೇಲೆ ಮೇಸ್ತ್ರಿಗಳು ದೋಣಿಯ ಸುತ್ತ ಕಣ್ಣಾಡಿಸಿದರು: ಸ್ಟ್ರೆಚರು, ಆಮ್ಲಜನಕದ ಸಿಲಿಂಡರು, ಔಷಧದ ಪೆಟ್ಟಿಗೆ, ಮೇಲೊಂದು ಚಾವಣಿ.

“ಇವೆಲ್ಲ ಮೊದ್ಲು ಇರ್ಲಿಲ್ವಲ್ಲ?”

“ಎಂಟು ವರ್ಷದಲ್ಲಿ ಒಂದೊಂದಾಗಿ ಸೇರ್ಕೊಂಡ್ವು,” ಎಂದರು ನರ್ಸಮ್ಮ.

“ಎದುರಿಗಿರೋ ದೋಣೀನ ನೋಡ್ಲೇ ಇಲ್ಲ ನಾನು. ನನ್ನ ತಲೇಲಿದ್ದದ್ದು ಆಗಿನ ದೋಣಿ,” ಎಂದು ಮೇಸ್ತ್ರಿಗಳು ಎಲ್ಲರಿಗೂ ಕೇಳುವಂತೆ ಹೇಳಿದರು. “ತಂಗಿ ಹೇಳಿದ್ದೇ ಸರಿ. ಆ ಹದಿನೇಳನ್ನ ಬಿಚ್ಚಮ್ಮ.”

ನಟ್ಟು ಬಿಗಿಯುವಾಗ ಪ್ರೊಪೆಲ್ಲರ್ ತಿರುಗದಂತೆ ಎಲೆಗೆ ಮರದ ತುಂಡು ಕೊಟ್ಟು ಹಿಡಿಯುವುದು ಕಿರಿಯರ ಕೆಲಸ. ಆ ತುಂಡನ್ನು ಅಂದು ಹಿಡಿದವರು ಮೇಸ್ತ್ರಿಗಳು, ಹೊಸ ಅಂಗಿಯ ತೋಳಿಗೆ ಗ್ರೀಸು ಮೆತ್ತಿಕೊಂಡು. ಬಿಗಿದವಳು ತಂಗಿ, ಅವಳ ಕಣ್ಣು ತುಂಬಿದ್ದರಿಂದ ಪಿನ್ನು ಎರಡು ಸಲ ಕೈಜಾರಿತು. ಹದಿನೈದರ ಪ್ರೊಪೆಲ್ಲರಿನೊಂದಿಗೆ ಅದೇ ಜನ ಮತ್ತೆ ಹತ್ತಿದರು. ಮೂತಿ ಮೆಲ್ಲನೆ ಬಾಗಿತು, ದೋಣಿ ನೀರಿನ ಮೇಲೆದ್ದು ಓಡಿತು, ಮುಳ್ಳು ಐದು ಸಾವಿರದ ಇನ್ನೂರಕ್ಕೆ ಬಂದು ನಿಂತಿತು.

ಒದ್ದೆ ಬಟ್ಟೆಯಲ್ಲೇ ಸಭೆ ಮುಂದುವರಿಯಿತು. ವ್ಯವಸ್ಥಾಪಕರು ಎರಡನೆಯ ಹಾಳೆಯನ್ನು ಪೆನ್ನಿನಿಂದ ತಿದ್ದಿ ಮತ್ತೆ ಓದಿದರು: “ಈ ಮೂವತ್ತಾರು ವರ್ಷಗಳಲ್ಲಿ ಇವರು ಆರಿಸಿದ ಒಂದೇ ಒಂದು ಪ್ರೊಪೆಲ್ಲರ್ ಹಿಂದಕ್ಕೆ ಬಂದಿದೆ. ಅದನ್ನು ಹಿಂದಕ್ಕೆ ತಂದವರು ಇವರೇ.” ಈ ಸಲದ ಚಪ್ಪಾಳೆಗೆ ಮೇಸ್ತ್ರಿಗಳು ತಲೆಯೆತ್ತಿ ಕೈಮುಗಿದರು.

ಒಂಬತ್ತು ದಿನಗಳ ನಂತರ ದ್ವೀಪದಿಂದ ಮತ್ತೊಬ್ಬ ತಾಯಿಯನ್ನು ನರ್ಸಮ್ಮ ಕರೆತಂದರು. ನಲವತ್ತು ನಿಮಿಷದಲ್ಲಿ ದೋಣಿ ದಡ ಸೇರಿತು, ಮಗು ಆಸ್ಪತ್ರೆಯ ಹಾಸಿಗೆಯ ಮೇಲೆ ಹುಟ್ಟಿತು. ಸುದ್ದಿ ಹೇಳಲು ತಂಗಿ ಫೋನು ಮಾಡಿದಾಗ, ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಮೇಸ್ತ್ರಿಗಳು ಕೇಳಿದ್ದು, “ದೋಣೀಲಿ ಎಷ್ಟು ಜನ ಇದ್ರು?”

“ಒಂಬತ್ತು ಜನ ಸರ್. ತುಂಬಿತ್ತು.”

ಆಚೆ ಬದಿಯಲ್ಲಿ ಫೋನು ಕೈಗೆತ್ತಿಕೊಂಡ ಮನೆಯವರು, “ಇವರು ಕಣ್ಣು ಒರೆಸ್ಕೊಳ್ತಿದಾರೆ, ನೀನೇ ಹೇಳಮ್ಮ, ಮಗು ಯಾವುದು?” ಎಂದರು.

ಹೆಣ್ಣು. ಆ ಮಗು ನಡೆದಾಡುವುದನ್ನೂ, ಓದುವುದನ್ನೂ, ಮುಂದೊಂದು ದಿನ ಅದೇ ದೋಣಿಯಲ್ಲಿ ಕೂತು ತನ್ನ ದ್ವೀಪಕ್ಕೆ ಹೋಗಿ ಬರುವುದನ್ನೂ ಕಣ್ತುಂಬ ನೋಡುವಷ್ಟು ಆಯುಸ್ಸು, ಆರೋಗ್ಯ ನಮ್ಮ ಮೇಸ್ತ್ರಿಗಳಿಗೂ ಅವರ ಮನೆಯವರಿಗೂ ಇರಲೆಂದು ಕಾರ್ಯಾಗಾರದ ನಾವೆಲ್ಲರೂ ಹಾರೈಸುತ್ತೇವೆ. ಅವರ ಮೇಜಿನ ಮುಂದೆ ಈಗ ತಂಗಿ ನಿಲ್ಲುತ್ತಾಳೆ. ಬರುವ ಸೋಮವಾರ ಎರಡು ದೋಣಿಗಳ ಪರೀಕ್ಷೆಯಿದೆ, ಹೊರೆಗೆ ಜನ ಸಾಲದು. ದಂಪತಿಗಳು ಹಳೆಯ ಬಟ್ಟೆ ಉಟ್ಟು ದಯಮಾಡಿಸಬೇಕು.