ಕುರಿ ಒಪ್ಪಿದ ಸೈಲೆನ್ಸರ್

ನಮ್ಮಣ್ಣ ಯಾವ ಸಾಮಾನು ಕೊಂಡರೂ ಮೊದಲು ಅದನ್ನು ಬಾರಿಸಿ ನೋಡುತ್ತಾನೆ. ಕೊಡ, ಬಾಗಿಲು, ಕಲ್ಲಂಗಡಿ, ನನ್ನ ಮದುವೆಗೆ ಕೊಡಿಸಿದ ಕಬ್ಬಿಣದ ತಿಜೋರಿ, ಯಾವುದನ್ನೂ ಬಿಟ್ಟವನಲ್ಲ. ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುತ್ತಲೇ ಬೆಳೆದ ಮನುಷ್ಯ. ದನಿ ಗಟ್ಟಿಯಿದ್ದರೆ ಮಾಲು ಗಟ್ಟಿ ಎಂಬುದು ಅವನ ಶಾಸ್ತ್ರ. ಪುಣ್ಯಕ್ಕೆ ಹೆಣ್ಣು ನೋಡಲು ಹೋದಾಗ ನಮ್ಮಪ್ಪ ಅವನ ಪಕ್ಕದಲ್ಲೇ ಕೂತಿದ್ದರು.

ಶಿರೂರಿನಲ್ಲಿ ಅವನದೊಂದು ಕುರಿ ಹಿಂಡಿದೆ. ಹೋದ ವರ್ಷ ಮೊಳಕಾಲು ಹಿಡಿದುಕೊಂಡಾಗ ಬಾಗಲಕೋಟೆಯ ವಿದ್ಯಾಗಿರಿಯ ನನ್ನ ಮನೆಯಲ್ಲಿ ಇಟ್ಟುಕೊಂಡು ದವಾಖಾನೆಗೆ ತಿರುಗಿಸಿದೆ. ಇನ್ನು ದಿನವಿಡೀ ಅಡ್ಡಾಡುವಂತಿಲ್ಲ ಎಂದರು ಡಾಕ್ಟರು. ಅಂದಿನಿಂದ ಕುರಿ ಕಾಯುವುದು ಅವನ ಹೆಂಡತಿಯ, ಅಂದರೆ ನಮ್ಮ ವೈನಿಯ, ತಲೆಗೆ ಬಂತು. ಮನೆ, ಅಡಿಗೆ, ಹೊಲ, ಅದರ ಮೇಲೆ ಕುರಿ. ಅವಳಾದರೂ ಎಷ್ಟೆಂದು ಮಾಡಿಯಾಳು? ಒಂದು ದಿನ ಸೆರಗು ಸಿಕ್ಕಿಸಿ ನಿಂತು, ಹಿಂಡನ್ನು ಮರೋಳದ ತನ್ನ ತಮ್ಮನಿಗೆ ಕೊಟ್ಟುಬಿಡೋಣ ಎಂದಳು. ಅಲ್ಲಿ ನೀರಾವರಿಯಾಗಿದೆ, ಹಸಿರಿದೆ, ಕಾಲು ಗಟ್ಟಿಯಿರುವ ಮಂದಿಯಿದ್ದಾರೆ. ಅಣ್ಣ ಊಟ ಬಿಟ್ಟ. ರಾತ್ರಿ ಮೀನಿನ ಸಾರು ಅಂತ ಗೊತ್ತಾಗುವವರೆಗೆ ಬಿಟ್ಟೇ ಇದ್ದ.

ಆಮೇಲೆ ಬಾದಾಮಿಯ ಕಡೆ ಹೋದವನು ಟಂಟಂ ಆಟೋ ಮೇಲೆ ಹೇರಿಕೊಂಡು ಬಂದದ್ದು ಒಂದು ಎಟಿವಿ. ಟೂರಿಸ್ಟರು ಮಣ್ಣಿನಲ್ಲಿ ಓಡಿಸಿ ಕೇಕೆ ಹಾಕುತ್ತಾರಲ್ಲ, ಆ ನಾಲ್ಕು ಗಾಲಿಯ ಗಾಡಿ. ಯಾರೋ ಹಳೆಯದೆಂದು ಮೂಲೆಗೆ ತಳ್ಳಿದ್ದು. ಊರವರು ಅದಕ್ಕೆ ನಾಕಗಾಲಿ ಎಂದು ಹೆಸರಿಟ್ಟರು. ಇದರ ಮೇಲೆ ಕೂತು ಕುರಿ ಕಾಯುತ್ತೇನೆ ಎಂದ. ವೈನಿ ನಗಲಿಲ್ಲ, ಬೈಯಲೂ ಇಲ್ಲ. ಸೋಮವಾರ ತಮ್ಮ ಲಾರಿ ತರುತ್ತಾನೆ, ಅಷ್ಟರೊಳಗೆ ಕುರಿ ನಿಮ್ಮ ಬೆನ್ನು ಹತ್ತಿದರೆ ಇರಲಿ, ಇಲ್ಲದಿದ್ದರೆ ಮರೋಳಕ್ಕೆ ಹೋಗಲಿ ಎಂದು ಒಂದೇ ಮಾತು ಹೇಳಿ ರೊಟ್ಟಿ ಬಡಿಯಲು ಕೂತಳು.

ಗಾಡಿಯ ಸೈಲೆನ್ಸರ್ ತುಕ್ಕು ತಿಂದು ತೂತಾಗಿತ್ತು, ಕ್ಲಚ್ ಸವೆದಿತ್ತು. ಆ ವಾರ ತವರಿಗೆ ಬಂದಿದ್ದ ನಾನೂ ಬಾಗಲಕೋಟೆಯ ಗ್ಯಾರೇಜಿಗೆ ಜೊತೆಗೆ ಹೋದೆ. ಒಬ್ಬನೇ ಹೋದರೆ ಏನು ತರುತ್ತಾನೆಂಬ ಭಯ ನನಗೆ. ಮಿಸ್ತ್ರಿ ಸಮಾಧಾನದಿಂದ ತಿಳಿಸಿ ಹೇಳಿದ. ಈ ಗಾಡಿಗೆ ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ. ಎಂಜಿನ್ ಜೋರಾಗಿ ತಿರುಗಿದಾಗ ಒಳಗಿನ ಕ್ಲಚ್ ತಾನೇ ಅಗಲಿ ಗಾಲಿಗೆ ಬಲ ಕೊಡುತ್ತದೆ. ಅದನ್ನು ತಡೆದಿಡುವುದು ಸಣ್ಣ ಸ್ಪ್ರಿಂಗುಗಳು. ಅವು ಬಿರುಸಾಗಿದ್ದರೆ ಗಾಡಿ ತಡವಾಗಿ, ಜಿಗಿದು ಹೊರಡುತ್ತದೆ. ಮೆತ್ತಗಿದ್ದರೆ ಬೇಗ ಹಿಡಿದು ಸಾವಕಾಶ ಹೊರಡುತ್ತದೆ. ಸೈಲೆನ್ಸರ್ ಯಾವುದೋ ಅದಕ್ಕೆ ತಕ್ಕ ಸ್ಪ್ರಿಂಗ್ ಬೇಕು, ಮದುವೆಗೆ ಜೋಡಿ ನೋಡಿದ ಹಾಗೆ ಎಂದ.

ಅವನ ಹತ್ತಿರ ಅಂಥ ಎರಡು ಜೋಡಿಗಳಿದ್ದವು. ಒಂದು ಗಿಡ್ಡದು, ಫಳಫಳ ಹೊಳೆಯುವ ರೇಸಿನವರ ಸೈಲೆನ್ಸರ್, ಅದಕ್ಕೆ ಬಿರುಸು ಸ್ಪ್ರಿಂಗ್. ಇನ್ನೊಂದು ಉದ್ದನೆಯ, ದಪ್ಪನೆಯ ಕರಿ ಸೈಲೆನ್ಸರ್. ಸದ್ದು ಹೀರಲೆಂದು ಒಳಗೆ ಉಣ್ಣೆಯಂಥದ್ದೇನೋ ತುಂಬಿದ್ದು, ಅದಕ್ಕೆ ಮೆತ್ತನೆಯ ಸ್ಪ್ರಿಂಗ್. ಅಣ್ಣ ಎರಡನ್ನೂ ಬೆರಳ ಗೆಣ್ಣಿನಿಂದ ಬಾರಿಸಿದ. ಗಿಡ್ಡದು ಖಣ್ ಎಂದಿತು. ಕರಿಯದು ದಬ್ ಎಂದಿತು. ಮುಗಿಯಿತು ಕಥೆ.

“ಇದು ತೊಯ್ದ ಡೊಳ್ಳ ಐತಿ. ದನಿ ಇಲ್ಲದ್ದಕ್ಕ ಕಸುವ ಎಲ್ಲಿಂದ ಬರತೈತಿ?” ಎಂದ.

ಕುರಿ ನಡಿಗೆಗೆ ರೇಸಿನ ಗಾಡಿ ಯಾಕೆ ಎಂದು ನಾನು ಕೇಳಿದೆ, ಮಿಸ್ತ್ರಿಯೂ ಕೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೊಂದದಿದ್ದರೆ ತಿರುಗಿ ತನ್ನಿ ಎಂದು ಮಿಸ್ತ್ರಿ ಗಿಡ್ಡದನ್ನೇ ಜೋಡಿಸಿಕೊಟ್ಟ. ಅವನಿಗೆ ಅವತ್ತೇ ಎಲ್ಲ ಗೊತ್ತಿತ್ತೆಂದು ನನ್ನ ಗುಮಾನಿ.

ಮರುದಿನ ಬೆಳಿಗ್ಗೆ ಹೊಸ ಕುರಿಯನ್ನು ಹಿಂಡಿಗೆ ಸೇರಿಸುವಾಗ ಮಾಡುವಂತೆ ನಾಕಗಾಲಿಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿ, ಹೆಗಲಿಗೆ ಕಂಬಳಿ ಹಾಕಿ, ಅಣ್ಣ ಗಾಡಿ ಚಾಲೂ ಮಾಡಿದ. ಅಬ್ಬಾ, ಎಂಥ ಸದ್ದು! ಹಾದಿಯಲ್ಲಿ ಹೋಗುತ್ತಿದ್ದವರು ನಿಂತರು. ಕುರಿಗಳು ದಿಕ್ಕಾಪಾಲಾಗುತ್ತವೆಂದು ನಾನು ಎದೆ ಹಿಡಿದುಕೊಂಡೆ. ಅವು ಹುಟ್ಟಿದಾಗಿನಿಂದ ಡೊಳ್ಳು ಕೇಳಿದ ಜೀವಗಳು. ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಮೇಯತೊಡಗಿದವು.

ಹೆದರಲಿಲ್ಲ, ನಿಜ. ಆದರೆ ಹಿಂದೆ ಬರಲೂ ಇಲ್ಲ. ನಮ್ಮಲ್ಲಿ ಕುರುಬ ಮುಂದೆ ನಡೆದು ಕೂಗು ಹಾಕುತ್ತಾನೆ, ಆ ಕೂಗಿನ ಬೆನ್ನು ಹಿಡಿದು ಹಿಂಡು ಬರುತ್ತದೆ. ಅಣ್ಣ ಎಕ್ಸಲರೇಟರ್ ಒತ್ತಿದ. ಗಾಡಿ ಕಪ್ಪೆಯಂತೆ ಜಿಗಿದು ಎಲ್ಲೋ ಹೋಗಿ ನಿಂತಿತು. ಕೂಗಿದ, ತಿರುಗಿ ಬಂದ, ಮತ್ತೆ ಜಿಗಿದ, ಮತ್ತೆ ಕೂಗಿದ. ಕುರಿಗಳು ವೈನಿಯ ಸೀರೆ ಬಿಟ್ಟು ಕದಲಲಿಲ್ಲ. ಬೆಳಗಿನಿಂದ ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದಿತ್ತು. ಸಂಜೆ ಅವನು ಗಾಡಿ ಬಂದ್ ಮಾಡಿ ಬದುವಿನ ಮೇಲೆ ಕೂತಾಗ ಮುಖ ನೋಡಿದೆ, ನಗು ನಿಂತುಹೋಯಿತು.

“ನನ್ನ ಮರತಾವ ತಂಗಿ,” ಎಂದ.

ವೈನಿ ಮರಿಯೊಂದನ್ನು ಕೆಳಗಿಳಿಸಿ ಗಂಡನ ಎದುರು ಬಂದು ನಿಂತಳು.

“ಏನೂ ಮರತಿಲ್ಲ. ನಿಮ್ಮ ಕೂಗು ನನಗ ಕೇಳಲಿಲ್ಲ, ಅವಕ್ಕ ಹ್ಯಾಂಗ ಕೇಳಬೇಕ್ರಿ? ಆ ತುತ್ತೂರಿ ಬದಲಿ ಮಾಡಿಸ್ಕೊಂಡ ಬರ್ರಿ.”

ಹಿಂಡು ತವರಿಗೆ ಹೋಗಲಿ ಎನ್ನುತ್ತಿದ್ದವಳು ಈ ಮಾತನ್ನು ಯಾಕೆ ಹೇಳಿದಳೋ, ನಾನು ಕೇಳಲಿಲ್ಲ. ಮಾರನೆಯ ದಿನ ಮತ್ತೆ ಬಾಗಲಕೋಟೆ. ಅಣ್ಣ ಗ್ಯಾರೇಜಿನ ಬಾಗಿಲಲ್ಲಿ ಮದುಮಗಳಂತೆ ತಲೆ ತಗ್ಗಿಸಿ ನಿಂತ. ಮಿಸ್ತ್ರಿ ದೊಡ್ಡ ಮನಸ್ಸಿನವನು, ನಗಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ನಕ್ಕೆ. ಕರಿ ಸೈಲೆನ್ಸರ್ ಬಂತು, ಮೆತ್ತನೆಯ ಸ್ಪ್ರಿಂಗುಗಳೂ ಬಂದವು. ಈ ಸಲ ಅಣ್ಣ ಯಾವುದನ್ನೂ ಬಾರಿಸಲಿಲ್ಲ.

ಭಾನುವಾರ ಬೆಳಿಗ್ಗೆ ನಾನೂ ವೈನಿಯೂ ಬದುವಿನ ಮೇಲೆ ನಿಂತಿದ್ದೆವು. ಗಾಡಿ ಗೊಣಗುಟ್ಟುತ್ತ ಚಾಲೂ ಆಯಿತು. ಕ್ಲಚ್ ಯಾವಾಗ ಹಿಡಿಯಿತೋ ತಿಳಿಯಲೇ ಇಲ್ಲ, ಮುದಿಕುರಿಯ ನಡಿಗೆಯಲ್ಲಿ ಹೊರಟಿತು. ಅಣ್ಣ ಕೂಗು ಹಾಕಿದ. ಅವನ ದನಿ ಹೊಲದ ಆಚೆ ತುದಿಯವರೆಗೂ ಹೋಯಿತು. ಬಾಯಾಡಿಸುತ್ತಿದ್ದ ಮುಂದಾಳು ಟಗರು ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸಿತು. ಎರಡನೆಯ ಕೂಗಿಗೆ ಅದು ಹೆಜ್ಜೆ ಕಿತ್ತಿತು, ಅದರ ಹಿಂದೆ ಒಂದು, ಅದರ ಹಿಂದೆ ನಾಲ್ಕು, ಆಮೇಲೆ ಇಡೀ ಹಿಂಡೇ ಧೂಳೆಬ್ಬಿಸಿಕೊಂಡು ನಾಕಗಾಲಿಯ ಬೆನ್ನು ಹತ್ತಿತು.

ನಮ್ಮ ಹತ್ತಿರ ಹಾಯುವಾಗ ಅಣ್ಣ ಕಂಬದಂತೆ ಸೆಟೆದು ಕೂತಿದ್ದ. ಕತ್ತು ತಿರುಗಿಸಿರಲಿಲ್ಲ.

“ಹಿಂದ ನೋಡಾಕ ಧೈರ್ಯ ಆಗವಲ್ದು. ಬರಾಕತ್ತಾವೇನವ್ವ?” ಎಂದು ನನ್ನನ್ನು ಕೇಳಿದ.

ವೈನಿ ಸೊಂಟದಿಂದ ಮೊಬೈಲ್ ತೆಗೆದು ಮರೋಳಕ್ಕೆ ಹಚ್ಚಿದಳು.

“ತಮ್ಮಾ, ನಾಳಿ ಲಾರಿ ತರಬ್ಯಾಡ,” ಎಂದಳು.

ಅಣ್ಣನಿಗೆ ಅದು ಕೇಳಿಸಿತು. ತಲೆಯ ಪಟಕದ ತುದಿಯಿಂದ ಕಣ್ಣೊರೆಸಿಕೊಂಡ, ಗಾಡಿ ಮಾತ್ರ ನಿಲ್ಲಿಸಲಿಲ್ಲ.